4 ವರ್ಷ 8 ತಿಂಗಳ ಮಗು ಹೆಬ್ಬೆರಳು ಚೀಪೋದು: ಹಗಲು ಬಿಡಿಸಬಹುದು, ರಾತ್ರಿಗೆ ಏನು ಮಾಡಬೇಕು?

ಹೊಂಗೆನೆರಳು ಕೇಳಿದ್ದು:

ಮಗುವಿಗೆ 4 ವರ್ಷ 8 ತಿಂಗಳು. ಎಡಗೈ ಹೆಬ್ಬೆರಳು ಚೀಪುತ್ತಾಳೆ. ಹಗಲಲ್ಲಿ ಟಿವಿ ಮುಂದೆ, ಬಸ್ಸಿನಲ್ಲಿ, ಮಧ್ಯಾಹ್ನ ಮಲಗುವಾಗ. ಎಲ್ಲ ಸೇರಿ ಒಂದೂವರೆ ಗಂಟೆ ಇರಬಹುದು. ರಾತ್ರಿ ದೀಪ ಆರಿಸಿದ ಕೂಡಲೇ ಶುರು, ನಿದ್ದೆಯಲ್ಲೂ ಬಿಟ್ಟು ಬಿಟ್ಟು ಮೂರು-ನಾಲ್ಕು ಗಂಟೆ. ಚೀಪುವಾಗ ಬಲಗೈಯಲ್ಲಿ ಹಳೇ ಹತ್ತಿ ಸೀರೆಯ ತುಂಡು ಇರಲೇಬೇಕು. ಹಿಂದಿನ ಹಲ್ಲು ಕಚ್ಚಿ ಹಿಡಿದಾಗ ಮುಂದಿನ ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ಸುಮಾರು 3 ಮಿ.ಮೀ. ಸಂದು ಕಾಣುತ್ತದೆ. ಬೆರಳಿನ ಗೆಣ್ಣಿನ ಮೇಲೆ ಚರ್ಮ ದಪ್ಪಗಾಗಿದೆ.

ಹತ್ತು ದಿನ ಬೇವಿನೆಣ್ಣೆ ಹಚ್ಚಿ ಆಯಿತು, ಮುಖ ಕಿವುಚಿ ಅದನ್ನೇ ಚೀಪಿದಳು. ಮನೆಯಲ್ಲಿ ಹಿರಿಯರು ಖಾರಪುಡಿ ಹಚ್ಚಿ ಅನ್ನುತ್ತಿದ್ದಾರೆ. ಕೇಳಬೇಕಾದ್ದು ಮೂರು. ಈಗಲೇ ಬಿಡಿಸಬೇಕೋ, ತಾನಾಗಿ ಬಿಡುವವರೆಗೆ ಕಾಯಬಹುದೋ? ಈ ಸಂದು ಮುಚ್ಚಿಕೊಳ್ಳುತ್ತದೆಯೇ? ನಿದ್ದೆಯಲ್ಲಿ ಚೀಪುವುದನ್ನು ತಡೆಯುವುದು ಹೇಗೆ? ಏಪ್ರಿಲ್‌ನಲ್ಲಿ ರಜೆ ಶುರುವಾಗುತ್ತದೆ, ಆಗ ಹಿಡಿದು ಕೂರೋಣ ಎಂದು ಯೋಚನೆ.

ಹಾಲುಹಲ್ಲು ಉತ್ತರಿಸಿದ್ದು:

ಮೊದಲು ಹಲ್ಲಿನ ವಿಚಾರ. ಚೀಪುವುದು ಕೆಟ್ಟ ಚಟ ಅಲ್ಲ, ಮಗು ಹೊಟ್ಟೆಯಲ್ಲಿದ್ದಾಗಲೇ ಬರುವ ಸಹಜ ಪ್ರತಿಕ್ರಿಯೆ. ಸ್ಕ್ಯಾನಿಂಗ್‌ನಲ್ಲಿ ಭ್ರೂಣ ಬೆರಳು ಚೀಪುವುದು ಕಾಣುತ್ತದೆ. ಬಹುಪಾಲು ಮಕ್ಕಳು 2ರಿಂದ 4 ವರ್ಷದೊಳಗೆ ತಾವಾಗಿ ಬಿಡುತ್ತಾರೆ. ಹಾಗಾಗಿ ಎರಡು ವರ್ಷದ ಮಗುವಾಗಿದ್ದರೆ ಸುಮ್ಮನಿರಿ ಅನ್ನುತ್ತಿದ್ದೆ. ನಿಮ್ಮದು ಐದರ ಹತ್ತಿರ ಬಂದಿರುವ ಮಗು, ಸಂದೂ ಬಿದ್ದಿದೆ. ಕಾಯಬೇಡಿ.

ಎಷ್ಟು ಹೊತ್ತು ಚೀಪುತ್ತದೆ, ಎಷ್ಟು ಜೋರಾಗಿ ಎಳೆಯುತ್ತದೆ ಅನ್ನುವುದರ ಮೇಲೆ ಹಲ್ಲಿನ ಹಾನಿ ನಿಂತಿದೆ. ದಿನಕ್ಕೆ 4ರಿಂದ 6 ಗಂಟೆ ಒತ್ತಡ ಬಿದ್ದರೆ ಹಲ್ಲು ಸರಿಯಲು ಸಾಕು ಎಂಬುದು ದಂತವೈದ್ಯರ ಲೆಕ್ಕ. ನೀವು ಹೇಳಿದ ಹೊತ್ತು ಕೂಡಿಸಿದರೆ ಆ ಗೆರೆಯ ಮೇಲೇ ಇದೆ. ಬೆರಳನ್ನು ಬಾಯಲ್ಲಿ ಸುಮ್ಮನೆ ಇಟ್ಟುಕೊಳ್ಳುವ ಮಗುವಿಗೂ, ಕೆನ್ನೆ ಗುಳಿ ಬೀಳುವಂತೆ 'ಚಪ್ ಚಪ್' ಸದ್ದು ಮಾಡಿ ಎಳೆಯುವ ಮಗುವಿಗೂ ತುಂಬ ವ್ಯತ್ಯಾಸ. ಬೆರಳಿನ ಚರ್ಮ ದಪ್ಪಗಾಗಿದೆ ಎಂದರೆ ನಿಮ್ಮದು ಎರಡನೇ ಬಗೆ.

ಒಳಗೆ ಆಗುವುದು ಇಷ್ಟು: ಹೆಬ್ಬೆರಳು ಮೇಲಿನ ಬಾಚಿ ಹಲ್ಲುಗಳನ್ನು ಮುಂದಕ್ಕೂ ಕೆಳಗಿನವನ್ನು ನಾಲಿಗೆಯ ಕಡೆಗೂ ತಳ್ಳುತ್ತದೆ. ಬೆರಳು ಅಡ್ಡ ಇರುವುದರಿಂದ ಮುಂದಿನ ಹಲ್ಲು ಪೂರ್ತಿ ಇಳಿಯುವುದಿಲ್ಲ, ಹಿಂದಿನವು ಮಾತ್ರ ಬೆಳೆಯುತ್ತವೆ, ಅದರಿಂದ ಮುಂದೆ ಸಂದು. ಪೋಷಕರ ಕಣ್ಣಿಗೆ ಬೀಳದ ಇನ್ನೊಂದು ಇದೆ. ಚೀಪುವಾಗ ನಾಲಿಗೆ ಬಾಯಿಯ ಅಂಗಳ (ಒಳಮೇಲ್ಭಾಗ) ಬಿಟ್ಟು ಕೆಳಗೆ ಇಳಿದಿರುತ್ತದೆ, ಕೆನ್ನೆಯ ಸ್ನಾಯು ಎರಡೂ ಬದಿಯಿಂದ ಒಳಕ್ಕೆ ಒತ್ತುತ್ತದೆ. ಒಳಗಿನಿಂದ ಆನಿಕೆ ಇಲ್ಲ, ಹೊರಗಿನಿಂದ ಒತ್ತಡ. ಮೇಲ್ದವಡೆ ಕಿರಿದಾಗಿ ಹಿಂದಿನ ಮೇಲಿನ ಹಲ್ಲುಗಳು ಕೆಳಗಿನವುಗಳ ಒಳಗಡೆ ಕಚ್ಚಲು ಶುರುವಾಗುತ್ತವೆ.

ಈ ಎರಡಕ್ಕೂ ಮುಂದಿನ ದಾರಿ ಬೇರೆ ಬೇರೆ. ಮುಂದಿನ ಸಂದು, ಹಾಲುಹಲ್ಲು ಇರುವಾಗಲೇ ಚೀಪುವುದು ನಿಂತರೆ, ಬಹಳಷ್ಟು ಮಕ್ಕಳಲ್ಲಿ ಕೆಲವು ತಿಂಗಳಲ್ಲಿ ತಾನೇ ಮುಚ್ಚುತ್ತಾ ಬರುತ್ತದೆ. ಹಿಂದಿನ ಅಡ್ಡಕಚ್ಚು ಸಾಮಾನ್ಯವಾಗಿ ತಾನಾಗಿ ಸರಿಹೋಗುವುದಿಲ್ಲ, ದವಡೆ ಅಗಲಿಸುವ ಚಿಕಿತ್ಸೆ ಬೇಕಾಗುತ್ತದೆ. ಅದಕ್ಕೇ ಮುಂದಿನ ಹಲ್ಲಷ್ಟೇ ನೋಡಿ ಸಮಾಧಾನ ಪಡಬೇಡಿ. ಮಗು ಹಲ್ಲು ಕಚ್ಚಿದಾಗ ಎರಡೂ ಕೆನ್ನೆಯನ್ನು ಬೆರಳಿಂದ ಸರಿಸಿ ಹಿಂದಿನ ಹಲ್ಲು ನೋಡಿ, ಮೇಲಿನವು ಕೆಳಗಿನವನ್ನು ಹೊರಗಿನಿಂದ ಮುಚ್ಚಿರಬೇಕು. ಕಚ್ಚುವಾಗ ಗದ್ದ ಒಂದು ಬದಿಗೆ ಜಾರಿದರೆ ಅದೂ ಲಕ್ಷಣವೇ.

ನಿಮ್ಮ ಕೈಯಲ್ಲಿರುವ ಕಾಲ ಹೀಗಿದೆ. ಆರರ ಸುಮಾರಿಗೆ ಮೊದಲ ಶಾಶ್ವತ ದವಡೆ ಹಲ್ಲು, 6ರಿಂದ 7ಕ್ಕೆ ಕೆಳಗಿನ ಬಾಚಿ, 7ರಿಂದ 8ಕ್ಕೆ ಮೇಲಿನ ಬಾಚಿ ಬರುತ್ತವೆ. ಅಂದರೆ ಒಂದು ವರ್ಷಕ್ಕಿಂತ ಸ್ವಲ್ಪ ಹೆಚ್ಚು. ರಜೆಯಲ್ಲಿ ಶುರು ಮಾಡುವ ಯೋಚನೆ ಸರಿಯಾಗಿದೆ. ಜೂನ್‌ನಲ್ಲಿ ಹೊಸ ಕ್ಲಾಸು ಶುರುವಾಗುವ ವಾರ ಮಾತ್ರ ಬೇಡ.

ತಿಂಗಳಿಗೊಮ್ಮೆ ಒಂದೇ ಜಾಗದಲ್ಲಿ, ಒಂದೇ ಬೆಳಕಲ್ಲಿ, ಹಿಂದಿನ ಹಲ್ಲು ಕಚ್ಚಿಸಿ ನೇರ ಎದುರಿನಿಂದ ಫೋಟೋ ತೆಗೆದಿಡಿ. ಮೂರು ಫೋಟೋ ಪಕ್ಕಪಕ್ಕ ಇಟ್ಟರೆ ಸಂದು ಏನಾಗುತ್ತಿದೆ ಎಂಬುದು ಸ್ಪಷ್ಟ.

ಸಣ್ಣಹೆಜ್ಜೆ ಉತ್ತರಿಸಿದ್ದು:

ಬೇವಿನೆಣ್ಣೆ ಯಾಕೆ ಸೋತಿತು ಅನ್ನೋದು ಗೊತ್ತಾದರೆ ಮುಂದಿನದು ಸುಲಭ. ಕಹಿ ಎರಡು ನಿಮಿಷದ ಮಾತು, ಜೊಲ್ಲಿನಲ್ಲಿ ಕರಗಿ ಹೋಗುತ್ತೆ. ಆಮೇಲೆ ಬೆರಳು ಮೊದಲಿನ ಹಾಗೇ ಸಿಹಿ. ಮಗು ಕಲಿಯೋದು 'ಸ್ವಲ್ಪ ತಡ್ಕೊಂಡ್ರೆ ಸರಿಹೋಗುತ್ತೆ' ಅನ್ನೋ ಪಾಠ. ಅಂಗಡಿಯಲ್ಲಿ ಸಿಗುವ ಕಹಿ ಉಗುರು ಬಣ್ಣದಲ್ಲಿ ಡೆನಟೋನಿಯಂ ಬೆಂಜೋಯೇಟ್ ಇರುತ್ತೆ, ಅದು ಬೇವಿಗಿಂತ ಬಹಳ ಕಹಿ, ಬೇಗ ಹೋಗಲ್ಲ. ಆದರೆ ಅದೂ ಮಗು ತಾನೇ 'ಹಚ್ಚಿ, ನೆನಪಾಗಲಿ' ಅಂತ ಒಪ್ಪಿದರೆ ಮಾತ್ರ ಕೆಲಸ ಮಾಡುತ್ತೆ. ಶಿಕ್ಷೆಯಾಗಿ ಹಚ್ಚಿದರೆ ಇನ್ನೊಂದು ಕೈ ಬೆರಳು ಬಾಯಿಗೆ ಹೋಗುತ್ತೆ.

ಒಂದು ವಾರ ಏನೂ ಮಾಡಬೇಡಿ, ಬರೆದಿಡಿ ಅಷ್ಟೇ. ಬೆರಳು ಬಾಯಿಗೆ ಹೋದ ಸಮಯ, ಜಾಗ, ಅದಕ್ಕೆ ಸ್ವಲ್ಪ ಮುಂಚೆ ಏನಾಗ್ತಿತ್ತು. ನಾಲ್ಕೇ ಕಾರಣ ಕಾಣುತ್ತವೆ: ನಿದ್ದೆ, ಬೇಸರ, ಹಸಿವು, ಬೈಗುಳ. ನಿಮ್ಮ ಪ್ರಶ್ನೆಯಲ್ಲೇ ಎರಡು ಇವೆ. ಆ ವಾರದಲ್ಲಿ 'ಬೆರಳು ತೆಗಿ' ಅನ್ನೋ ಮಾತು ಮನೆಯಲ್ಲಿ ಯಾರೂ ಆಡಬಾರದು. ದಿನಕ್ಕೆ ಮೂವತ್ತು ಸಲ ಹೇಳಿಸಿಕೊಂಡ ಮಗುವಿಗೆ ಆ ಮಾತೇ ಗಮನ ಸಿಗುವ ದಾರಿ ಆಗಿರುತ್ತೆ. ಅಜ್ಜಿ ತಾತನಿಗೂ ಮೊದಲೇ ಹೇಳಿ ಒಪ್ಪಿಸಿ. ಇದು ಕಷ್ಟ, ಆದರೆ ಇದಿಲ್ಲದೆ ಉಳಿದದ್ದು ನಡೆಯಲ್ಲ.

ಎರಡನೇ ವಾರ ಬೆರಳಿಗೆ ಬದಲಿ ಕೆಲಸ ಕಲಿಸಬೇಕು. ಹೆಬ್ಬೆರಳನ್ನು ಒಳಗಿಟ್ಟು ಮುಷ್ಟಿ ಹಿಡಿಯೋದು, 20 ಎಣಿಸೋವರೆಗೆ. ಕನ್ನಡಿ ಮುಂದೆ ನಿಂತು ಬೆರಳನ್ನು ಬಾಯಿ ಹತ್ತಿರ ತಗೊಂಡು ಹೋಗಿ, ತುಟಿಗೆ ತಾಗೋ ಮುಂಚೆ ನಿಲ್ಲಿಸಿ, ಮುಷ್ಟಿ ಮಾಡಿ ಎಣಿಸೋದು. ದಿನಕ್ಕೆ ಎರಡು ಸಲ, ಒಂದೊಂದು ಸಲ ಐದೈದು ಬಾರಿ. ಆಟದ ಹಾಗೆ ಮಾಡಿಸಿ, 'ಹೆಬ್ಬೆರಳು ಗುಡಾಣದಲ್ಲಿ ಮಲಗ್ತು' ಅಂತ ಏನಾದರೂ ಹೆಸರಿಡಿ. ಆಮೇಲೆ ಟಿವಿ ಮುಂದೆ ಬೆರಳು ಮೇಲೇಳೋದು ಕಂಡಾಗ ಮಾತು ಬೇಡ, ನಿಮ್ಮ ಕೈ ಎತ್ತಿ ಮುಷ್ಟಿ ತೋರಿಸಿ. ಅಷ್ಟೇ ಸಂಜ್ಞೆ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಆಜ್ರಿನ್ ಮತ್ತು ನನ್ 1973ರಲ್ಲಿ ರೂಪಿಸಿದ ವಿಧಾನದ ತಿರುಳು ಇದು. ಉಗುರು ಕಚ್ಚೋದಕ್ಕೂ ಇದನ್ನೇ ಕಲಿಸ್ತಾರೆ. ಮುಷ್ಟಿ ಯಾಕೆ ಅಂದರೆ, ಮುಷ್ಟಿ ಹಿಡಿದಿರೋ ಕೈ ಚೀಪೋಕೆ ಬರಲ್ಲ, ಮತ್ತೆ ಬೇರೆಯವರಿಗೆ ವಿಚಿತ್ರವಾಗೂ ಕಾಣಲ್ಲ.

ಟಿವಿ ವಿಷಯದಲ್ಲಿ ಒಂದು ಎಚ್ಚರಿಕೆ. 'ಬೆರಳು ಬಾಯಲ್ಲಿದ್ರೆ ಟಿವಿ ನಿಲ್ಲುತ್ತೆ, ತೆಗೆದ್ರೆ ಶುರು' ಅನ್ನೋ ನಿಯಮ ಆ ಕ್ಷಣಕ್ಕೆ ಖಂಡಿತ ಕೆಲಸ ಮಾಡುತ್ತೆ. 1962ರಲ್ಲೇ ಅಮೆರಿಕದ ಮನಶ್ಶಾಸ್ತ್ರಜ್ಞ ಡೊನಾಲ್ಡ್ ಬೇರ್ ಕಾರ್ಟೂನ್ ಇಟ್ಟುಕೊಂಡು ಇದನ್ನು ತೋರಿಸಿದ್ದರು. ಆದರೆ ನಿಯಮ ತೆಗೆದ ಕೂಡಲೇ ಬೆರಳು ವಾಪಸ್ ಬಂತು. ಹಾಗಾಗಿ ಅದೊಂದನ್ನೇ ನಂಬಬೇಡಿ. ಅದಕ್ಕಿಂತ ಟಿವಿ ಹೊತ್ತಿನಲ್ಲಿ ಎರಡೂ ಕೈಗೆ ಕೆಲಸ ಕೊಡಿ: ಬಟಾಣಿ ಸುಲಿಯೋದು, ಚಪಾತಿ ಹಿಟ್ಟಿನ ಉಂಡೆ ಕಟ್ಟೋದು, ದೊಡ್ಡ ಮಣಿ ಪೋಣಿಸೋದು. ಒಂದೇ ಕೈಯ ಕೆಲಸ ಸಾಲದು, ಇನ್ನೊಂದು ಬಾಯಿಗೆ ಹೋಗುತ್ತೆ.

ಚೀಪದ ಹೊತ್ತಿಗೆ ನಕ್ಷತ್ರ ಅಂಟಿಸೋ ಚಾರ್ಟ್ ಹಾಕೋರು ಮಾಡೋ ತಪ್ಪು, ಇಡೀ ದಿನಕ್ಕೆ ಒಂದು ನಕ್ಷತ್ರ ಇಡೋದು. ಬೆಳಿಗ್ಗೆ ಎಂಟಕ್ಕೇ ಒಂದು ಸಲ ಚೀಪಿದರೆ ದಿನವೇ ಹೋಯ್ತು, ಮಗು ಕೈಬಿಡುತ್ತೆ. ದಿನವನ್ನು ನಾಲ್ಕು ತುಂಡು ಮಾಡಿ: ಎದ್ದಾಗಿನಿಂದ ತಿಂಡಿ, ತಿಂಡಿಯಿಂದ ಮಧ್ಯಾಹ್ನದ ಊಟ, ಊಟದಿಂದ ಸಂಜೆ, ಸಂಜೆಯಿಂದ ಹಾಸಿಗೆ. ಒಂದೊಂದಕ್ಕೆ ಒಂದೊಂದು ಚುಕ್ಕಿ, ಮಗುವೇ ಅಂಟಿಸಬೇಕು. ಮೊದಲು 3 ಚುಕ್ಕಿಗೆ ಬಹುಮಾನ, ನಾಲ್ಕೈದು ದಿನ ಆದ ಮೇಲೆ 8ಕ್ಕೆ, ಆಮೇಲೆ 15ಕ್ಕೆ. ಬಹುಮಾನ ಚಾಕಲೇಟ್ ಬೇಡ; ಪಾರ್ಕಿನಲ್ಲಿ ಹತ್ತು ನಿಮಿಷ ಜಾಸ್ತಿ, ರಾತ್ರಿ ಇನ್ನೊಂದು ಕಥೆ, ಇಂಥವು. ಒಮ್ಮೆ ಕೊಟ್ಟ ಚುಕ್ಕಿಯನ್ನು ಎಂದಿಗೂ ಕಿತ್ತುಕೊಳ್ಳಬೇಡಿ. ರಾತ್ರಿಗೆ ಅಂತ ಚೌಕ ಚಾರ್ಟಿನಲ್ಲಿ ಈಗ ಇರಲೇಬಾರದು. ನಿದ್ದೆಯಲ್ಲಿ ಆಗೋದಕ್ಕೆ ಮಗು ಹೊಣೆಯಲ್ಲ.

ಸೀರೆ ತುಂಡಿನ ಬಗ್ಗೆ. ಬೆರಳೂ ಬಟ್ಟೆಯೂ ಜೋಡಿ, ಒಂದು ಸಿಕ್ಕರೆ ಇನ್ನೊಂದು ಬೇಕು. ಕಿತ್ತುಕೊಂಡರೆ ಮಗು ಎರಡು ದಿನ ನಿದ್ದೆ ಮಾಡಲ್ಲ. ಹಗಲಲ್ಲಿ ಅದು ದಿಂಬಿನ ಕೆಳಗೇ ಇರಲಿ, ಹಾಸಿಗೆಯ ಆಚೆ ಬರಬಾರದು ಅನ್ನೋ ಒಂದೇ ನಿಯಮ ಇಡಿ. ಹಗಲಿನ ಚೀಪೋದು ಇದರಿಂದಲೇ ಎಷ್ಟೋ ಇಳಿಯುತ್ತೆ. ಆಮೇಲೆ ವಾರಕ್ಕೊಮ್ಮೆ ಬಟ್ಟೆಯನ್ನು ಒಂದು ಗೇಣು ಕತ್ತರಿಸಿ ಚಿಕ್ಕದು ಮಾಡ್ತಾ ಬನ್ನಿ, ಕರವಸ್ತ್ರದಷ್ಟಾದಾಗ ನಿಲ್ಲಿಸಿ. ಆ ತುಂಡು ಇದ್ದರೆ ಹಲ್ಲಿಗೇನೂ ಆಗಲ್ಲ, ಅದನ್ನು ಪೂರ್ತಿ ಬಿಡಿಸೋ ಅವಸರ ಬೇಡ.

ಧಾರವಾಡದಿಂದ ಉತ್ತರಿಸಿದ್ದು:

ಖಾರಪುಡಿ ಮಾತು ಬಂದದ, ಅದಕ್ಕ ಬರೀಲಿಕ್ಕತ್ತೀನಿ. ದಯವಿಟ್ಟು ಹಚ್ಚಬ್ಯಾಡ್ರಿ. ಮೆಣಸಿನಕಾಯಿ ಉರಿ ನೀರಾಗ ಕರಗೂದಿಲ್ಲ, ಎಣ್ಯಾಗ ಕರಗತದ. ಕೂಸು ನಿದ್ದಿಗಣ್ಣಾಗ ಅದೇ ಕೈಲೆ ಕಣ್ಣು ಉಜ್ಜಿಕೋತದ. ಅಕಸ್ಮಾತ್ ಯಾರರ ಹಚ್ಚಿದ್ರ, ಕೈಗೆ ಮೊದಲ ಅಡಿಗಿ ಎಣ್ಣಿ ಸವರಿ ಒರಸ್ರಿ, ಆಮ್ಯಾಲೆ ಸಾಬಾಣ ಹಚ್ಚಿ ತೊಳೀರಿ. ಕಣ್ಣಿಗೆ ಹೋದ್ರ ಎಣ್ಣಿ ಬ್ಯಾಡ, ಸ್ವಚ್ಛ ತಣ್ಣೀರು ಹದಿನೈದು ನಿಮಿಷ ಹರಿಬಿಡ್ರಿ, ಕೆಂಪು ಇಳೀಲಿಲ್ಲಂದ್ರ ಡಾಕ್ಟರ್ ಕಡೆ ಹೋಗ್ರಿ.

ಎಕ್ಕಿ ಗಿಡದ ಹಾಲು ಅಂತೂ ಮನಿ ಒಳಗ ತರಬಾರದು, ಕಣ್ಣಿನ ಕರಿಗುಡ್ಡಿಗೇ ಪೆಟ್ಟು ಕೊಡತದ. ಬರಿ ಕೊಡ್ತೀನಿ ಅಂತ ಹೆದರಸೂದೂ ಬ್ಯಾಡ. ಹೆದರಿದ ಕೂಸು ಸಮಾಧಾನಕ್ಕ ಹುಡುಕೂದು ಅದ ಬಟ್ಟ (ಬೆರಳು).

ಇನ್ನೊಂದು. ಬಟ್ಟ ಚೀಪೋ ಮಕ್ಕಳಿಗೆ ದಾರದಂಥ ಸಣ್ಣ ಹುಳ ಲಗು ಆಗತಾವ. ಉಗುರಿನ ಸಂದ್ಯಾಗ ತತ್ತಿ ಇರತದ, ಬಾಯಿಗೆ ಹೋಗತದ, ರಾತ್ರಿ ಹಿಂದ ತುರಿಕಿ ಹತ್ತಿ ಕೂಸಿಗೆ ನಿದ್ದಿ ಒಡೀತದ, ನಿದ್ದಿ ಒಡದ್ರ ಮತ್ತ ಬಟ್ಟ ಬಾಯಿಗೆ. ಫೆಬ್ರವರಿ ಮತ್ತ ಆಗಸ್ಟ್‌ನಾಗ ಅಂಗನವಾಡಿ, ಸಾಲ್ಯಾಗ ಕೊಡೋ ಆಲ್ಬೆಂಡಜೋಲ್ ಗುಳಿಗಿ ತಪ್ಪಸಬ್ಯಾಡ್ರಿ, ಎರಡು ವರ್ಷ ದಾಟಿದವರಿಗೆ 400 ಮಿಲಿಗ್ರಾಂ. ರಾತ್ರಿ ತುರಿಕಿ ಇದ್ರ ಮಕ್ಕಳ ಡಾಕ್ಟರ್‌ಗೆ ಹೇಳ್ರಿ, ಈ ಹುಳಕ್ಕ ಎರಡು ವಾರ ಬಿಟ್ಟು ಎರಡನೇ ಡೋಸ್ ಬೇಕಾಗತದ. ಉಗುರು ವಾರಕ್ಕೊಮ್ಮೆ ತೆಗೀರಿ.

ರಾತ್ರಿಪಾಳಿ ಉತ್ತರಿಸಿದ್ದು:

ರಾತ್ರಿ ಕೆಲಸ ಹಗಲಿನದ್ದು ಮುಕ್ಕಾಲು ಹಿಡಿತಕ್ಕೆ ಬಂದ ಮೇಲೆ ಮಾತ್ರ. ಮೂರನೇ ಅಥವಾ ನಾಲ್ಕನೇ ವಾರ. ಎರಡನ್ನೂ ಒಟ್ಟಿಗೆ ಹಿಡಿದವರು ಎರಡರಲ್ಲೂ ಸೋಲುತ್ತಾರೆ.

ನಿದ್ದೆಯಲ್ಲಿ ಮಗುವಿಗೆ ಮನಸ್ಸಿನ ಹಿಡಿತ ಇರುವುದಿಲ್ಲ, ಆದ್ದರಿಂದ ನೆನಪಿಸುವ ಕೆಲಸವನ್ನು ಮೊಣಕೈಗೆ ಒಪ್ಪಿಸಬೇಕು. ಮೆಡಿಕಲ್ ಅಂಗಡಿಯಲ್ಲಿ 8 ಸೆಂ.ಮೀ. ಅಗಲದ ಕ್ರೇಪ್ ಬ್ಯಾಂಡೇಜ್ ತನ್ನಿ. ಮೊದಲು ಮಗುವಿಗೆ ತೆಳು ಹತ್ತಿಯ ತುಂಬುತೋಳಿನ ಅಂಗಿ ಹಾಕಿ. ಕೈಯನ್ನು ನೇರ ಚಾಚಿಸಿ, ಮೊಣಕೈಗಿಂತ ನಾಲ್ಕು ಬೆರಳು ಕೆಳಗಿಂದ ಶುರುಮಾಡಿ ನಾಲ್ಕು ಬೆರಳು ಮೇಲಿನವರೆಗೆ, ಪ್ರತಿ ಸುತ್ತು ಹಿಂದಿನದರ ಅರ್ಧ ಮುಚ್ಚುವಂತೆ ಸುತ್ತಿ. ಎರಡು ಪದರ ಸಾಕು. ಎಳೆದು ಸುತ್ತಬೇಡಿ, ಸುಮ್ಮನೆ ಹಾಸಿದಂತೆ ಬರಲಿ. ನಿಮ್ಮ ಒಂದು ಬೆರಳು ಸಲೀಸಾಗಿ ಒಳಗೆ ತೂರಬೇಕು. ಕೊನೆಯನ್ನು ಕಾಗದದ ಅಂಟುಪಟ್ಟಿಯಿಂದ ಅಂಟಿಸಿ. ಬ್ಯಾಂಡೇಜ್ ಜೊತೆ ಬರುವ ಹಲ್ಲಿರುವ ಲೋಹದ ಕ್ಲಿಪ್ಪನ್ನು ಎಸೆದುಬಿಡಿ, ನಿದ್ದೆಯಲ್ಲಿ ಬಿಚ್ಚಿಕೊಂಡು ಬಾಯಿಗೆ ಹೋಗುವಂಥದ್ದು ಅದು.

ಇದು ಕೈ ಕಟ್ಟಿಹಾಕುವ ಪಟ್ಟಿ ಅಲ್ಲ. ಮಗು ಬಯಸಿದರೆ ಕೈ ಮಡಚಬಹುದು, ಮೂಗು ತುರಿಸಿಕೊಳ್ಳಬಹುದು, ಎದ್ದು ಬಚ್ಚಲಿಗೆ ಹೋಗಬಹುದು. ಮಡಚಿ ಹಾಗೇ ಇಟ್ಟುಕೊಂಡರೆ ಮಾತ್ರ ಮೊಣಕೈ ಒಳಮಡಿಕೆಯಲ್ಲಿ ಬಟ್ಟೆ ಒತ್ತುತ್ತದೆ. ನಿದ್ದೆ ಆಳಕ್ಕೆ ಇಳಿದಾಗ ಸ್ನಾಯು ಸಡಿಲವಾಗಿ, ಆ ಒತ್ತಡಕ್ಕೆ ಕೈ ತಾನಾಗಿ ನೇರವಾಗುತ್ತದೆ, ಬೆರಳು ಬಾಯಿಂದ ಜಾರುತ್ತದೆ. ಬಿಗಿ ಮಾಡಿದರೆ ಹೆಚ್ಚು ಕೆಲಸ ಮಾಡೀತು ಎಂದು ತಿಳಿಯುವುದೇ ಇಲ್ಲಿನ ದೊಡ್ಡ ತಪ್ಪು. ಸುತ್ತಿದ ಹದಿನೈದು ನಿಮಿಷಕ್ಕೆ ಮಗುವಿನ ಉಗುರು ಒತ್ತಿ ಬಿಡಿ, ಎರಡು ಸೆಕೆಂಡಿನೊಳಗೆ ಗುಲಾಬಿ ಬಣ್ಣ ಮರಳಬೇಕು. ಬೆರಳು ತಣ್ಣಗಾದರೆ, ಊದಿದರೆ, ಜುಮ್ಮೆಂದರೆ ಕೂಡಲೇ ಬಿಚ್ಚಿ. ಮೂರು ವರ್ಷಕ್ಕಿಂತ ಚಿಕ್ಕವರಿಗೆ ಮಾಡಲೇಬೇಡಿ.

ಮೊದಲ ಮೂರು-ನಾಲ್ಕು ರಾತ್ರಿ ನಿದ್ದೆ ತಡವಾಗುತ್ತದೆ, ಮಗು ಅಳಬಹುದು. ಪಕ್ಕದಲ್ಲಿ ಕೂತು ಬೆನ್ನು ಸವರಿ. ಊಟ, ಸ್ನಾನ, ಕಥೆ ಎಲ್ಲವನ್ನೂ ಅರ್ಧ ಗಂಟೆ ಮುಂಚೆ ತನ್ನಿ, ಏಕೆಂದರೆ ತೀರಾ ಸುಸ್ತಾದ ಮಗು ಬೆರಳಿಲ್ಲದೆ ಮಲಗಲಾರದು. ಪ್ರತಿ ರಾತ್ರಿ, ತಪ್ಪದೆ, ಆರರಿಂದ ಎಂಟು ವಾರ. ಆಮೇಲೆ ಎರಡು ವಾರ ದಿನ ಬಿಟ್ಟು ದಿನ. ಹತ್ತೇ ದಿನದಲ್ಲಿ ನಿಂತಿತು ಎಂದು ಬಿಚ್ಚಿದ ಮನೆಗಳಲ್ಲೇ ಅದು ಮರಳುವುದು.

ಬ್ಯಾಂಡೇಜ್ ಒಪ್ಪದ ಮಕ್ಕಳಿಗೆ ಅಂಗಿಯ ತೋಳಿಗೇ 10 ಸೆಂ.ಮೀ. ಹತ್ತಿ ಬಟ್ಟೆ ಜೋಡಿಸಿ ತುದಿ ಹೊಲಿದು ಮುಚ್ಚಬಹುದು. ಕೈಗೆ ಕಾಲುಚೀಲ ಹಾಕುವುದು ನಿಷ್ಪ್ರಯೋಜಕ, ಹಲ್ಲಿನಿಂದ ಎಳೆದು ಬಿಸಾಡುತ್ತಾರೆ.

ಬೆರಳಿನ ಬದಲು ಹಾಲಿನ ಬಾಟಲಿ ಕೊಟ್ಟು ಮಲಗಿಸುವ ಯೋಚನೆ ಯಾರಿಗಾದರೂ ಇದ್ದರೆ ಬಿಟ್ಟುಬಿಡಿ. ಚೀಪುವುದು ನಿಲ್ಲುವುದಿಲ್ಲ, ಮೇಲಿನ ಮುಂಬಲ್ಲು ಹುಳುಕಾಗುತ್ತದೆ.

ಹೊಂಗೆನೆರಳು ಮತ್ತೆ ಕೇಳಿದ್ದು:

ಎಲ್ಲರಿಗೂ ಧನ್ಯವಾದ. ಹಿಂದಿನ ಹಲ್ಲು ನೋಡಿದೆವು, ಎರಡೂ ಬದಿ ಮೇಲಿನವು ಹೊರಗೇ ಇವೆ. ಎರಡು ಸಂಶಯ ಉಳಿದಿವೆ. ಬ್ಯಾಂಡೇಜ್ ಜಾರಿ ಮಣಿಕಟ್ಟಿಗೆ ಬಂದರೆ? ಇಷ್ಟೆಲ್ಲ ಮಾಡಿದ ಮೇಲೂ ನಿಲ್ಲದಿದ್ದರೆ ಬಾಯೊಳಗೆ ತಂತಿ ಹಾಕಿಸುವುದು ಯಾವಾಗ? ಇನ್ನೊಂದು, ಬೆರಳು ಚೀಪುವ ಮಕ್ಕಳಿಗೆ ಅಲರ್ಜಿ ಕಡಿಮೆ ಎಂದು ಒಬ್ಬರು ಹೇಳಿದರು, ನಿಜವೇ?

ರಾತ್ರಿಪಾಳಿ ಉತ್ತರಿಸಿದ್ದು:

ಮಗುವಿನ ಕೈ ಮೇಲೆ ದಪ್ಪ, ಕೆಳಗೆ ಸಪೂರ, ಅದಕ್ಕೇ ಜಾರುವುದು. ಬ್ಯಾಂಡೇಜಿನ ಮೇಲಿನ ಅಂಚನ್ನು ಅಂಗಿಯ ತೋಳಿಗೆ ಎರಡು ಕಡೆ ಅಂಟುಪಟ್ಟಿಯಿಂದ ಹಿಡಿಸಿ, ಚರ್ಮಕ್ಕೆ ಬೇಡ. ಇನ್ನೊಂದು ಹೆಬ್ಬೆರಳು ಬಾಯಿಗೆ ಹೋಗಲು ಶುರುವಾದರೆ ಎರಡೂ ಕೈಗೆ ಸುತ್ತಿ, ಆದರೆ ಎರಡು ರಾತ್ರಿ ನೋಡಿದ ಮೇಲೆ. ಒಂದು ಸಲ ಹೋದದ್ದಕ್ಕೆ ಗಾಬರಿ ಬೇಡ. ಸುತ್ತುವ ಕೆಲಸದಲ್ಲಿ ಮಗುವಿನ ಕೈಯೂ ಇರಲಿ, ಅಂಟುಪಟ್ಟಿ ಅವಳೇ ಅಂಟಿಸಲಿ.

ಹಾಲುಹಲ್ಲು ಉತ್ತರಿಸಿದ್ದು:

ಹಿಂದಿನ ಕಚ್ಚು ಸರಿ ಇರುವುದು ಒಳ್ಳೆಯ ಸುದ್ದಿ.

ಅಲರ್ಜಿ ಮಾತು ಪೂರ್ತಿ ಸುಳ್ಳಲ್ಲ. ನ್ಯೂಜಿಲೆಂಡಿನ ಡ್ಯುನೆಡಿನ್‌ನಲ್ಲಿ ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಹುಟ್ಟಿನಿಂದ ಹಿಂಬಾಲಿಸಿದ ಅಧ್ಯಯನವೊಂದರ ವರದಿ 2016ರಲ್ಲಿ ಬಂತು. ಬೆರಳು ಚೀಪುತ್ತಿದ್ದ, ಉಗುರು ಕಚ್ಚುತ್ತಿದ್ದ ಮಕ್ಕಳಲ್ಲಿ 13ನೇ ವಯಸ್ಸಿನ ಚರ್ಮದ ಅಲರ್ಜಿ ಪರೀಕ್ಷೆಗೆ ಪ್ರತಿಕ್ರಿಯೆ ಕಡಿಮೆ ಇತ್ತು. ಆದರೆ ಆಸ್ತಮಾದಲ್ಲಾಗಲಿ ಪರಾಗದ ಶೀತದಲ್ಲಾಗಲಿ ವ್ಯತ್ಯಾಸ ಕಾಣಲಿಲ್ಲ. ಇದಕ್ಕಾಗಿ ಚೀಪಲು ಬಿಡುವುದು ಸರಿಯಲ್ಲ.

ತಂತಿಯ ವಿಚಾರ. ಮೂರು ತಿಂಗಳು ಮನಸಿಟ್ಟು ಮಾಡಿಯೂ ರಾತ್ರಿ ಚೀಪುವುದು ಉಳಿದಿದ್ದರೆ, ಆರರ ಹತ್ತಿರ ಶಾಶ್ವತ ಹಲ್ಲು ಬರುವ ಮುನ್ನ ಮಕ್ಕಳ ದಂತವೈದ್ಯರು ಅದನ್ನು ಯೋಚಿಸುತ್ತಾರೆ. ಮೇಲಿನ ಹಿಂದಿನ ಹಲ್ಲುಗಳಿಗೆ ಉಂಗುರ ಕೂರಿಸಿ, ಮುಂಬಲ್ಲಿನ ಹಿಂದೆ ಅಂಗಳದಲ್ಲಿ ಸಣ್ಣ ತಂತಿಬೇಲಿ ಬರುತ್ತದೆ. ಬೆರಳು ಅಂಗಳಕ್ಕೆ ತಾಗದೆ ಎಳೆತ ಸಿಗುವುದಿಲ್ಲ, ಎಳೆತ ಇಲ್ಲದ ಬೆರಳಿನಲ್ಲಿ ಮಗುವಿಗೆ ಸುಖವಿಲ್ಲ. ಬೇಲಿಯ ಬದಲು ನಾಲಿಗೆಯಿಂದ ತಿರುಗಿಸಬಹುದಾದ ಆರು ಮುಖದ ಉರುಳೆ ಇರುವ ಬ್ಲೂಗ್ರಾಸ್ ಎಂಬ ಬಗೆಯೂ ಇದೆ, ಮಕ್ಕಳಿಗೆ ಇದು ಹೆಚ್ಚು ಸಹನೀಯ. ಮೊದಲ ವಾರ ಮಾತು ತೊದಲುತ್ತದೆ, ಜೊಲ್ಲು ಹೆಚ್ಚುತ್ತದೆ, ಅನ್ನ ಸಿಕ್ಕಿಕೊಳ್ಳುತ್ತದೆ. ಚಿಕ್ಕಿ, ಟಾಫಿ ಕೊಡಬಾರದು, ಉಂಗುರ ಕಿತ್ತುಬರುತ್ತದೆ. ದಿನಕ್ಕೆ ಎರಡು ಸಲ ತಂತಿಯ ಅಡಿ ಬ್ರಷ್ ಮಾಡದಿದ್ದರೆ ಅಂಗಳದ ಚರ್ಮ ಊದುತ್ತದೆ. ಚೀಪುವುದು ನಿಂತ ಮೇಲೂ ಕನಿಷ್ಠ ಮೂರು ತಿಂಗಳು ಬಾಯಲ್ಲೇ ಇರಬೇಕು.

ಮಗು ಒಪ್ಪದೆ ಹಾಕಿಸಬೇಡಿ, ಒಪ್ಪದ ಮಗು ಎರಡು ವಾರದಲ್ಲಿ ತಂತಿಯನ್ನು ಬಗ್ಗಿಸಿಟ್ಟಿರುತ್ತದೆ. ಖರ್ಚಿನ ಚಿಂತೆ ಇದ್ದರೆ ಬೆಂಗಳೂರಿನ ಸರ್ಕಾರಿ ದಂತ ವೈದ್ಯಕೀಯ ಕಾಲೇಜಿನಲ್ಲಿ ಮಕ್ಕಳ ದಂತ ವಿಭಾಗ ಇದೆ. ಮಣಿಪಾಲ, ಧಾರವಾಡ, ದಾವಣಗೆರೆ, ಮೈಸೂರಿನ ದಂತ ಕಾಲೇಜುಗಳಲ್ಲೂ ಇದೆ.

ಒಂದು ಮಾತು ಬಿಟ್ಟುಹೋಗಿತ್ತು. ಮಗು ಯಾವಾಗಲೂ ಬಾಯಿ ತೆರೆದು ಮಲಗುತ್ತದೆಯೇ, ಗೊರಕೆ ಹೊಡೆಯುತ್ತದೆಯೇ ಗಮನಿಸಿ. ಹಾಗಿದ್ದರೆ ಮೊದಲು ಕಿವಿ-ಮೂಗು-ಗಂಟಲು ವೈದ್ಯರು. ಮೂಗಿನ ಹಿಂದಿರುವ ಅಡಿನಾಯ್ಡ್ ಎಂಬ ಗಡ್ಡೆ ಊದಿ ಮೂಗು ಕಟ್ಟಿದ್ದರೆ ಬೆರಳು ಬಿಟ್ಟರೂ ಬಾಯಿ ತೆರೆದೇ ಇರುತ್ತದೆ, ಸಂದು ಮುಚ್ಚುವುದಿಲ್ಲ. 'ಸರಸರ', 'ಸಾಸಿವೆ' ಹೇಳಿಸಿ. ನಾಲಿಗೆ ತುದಿ ಹಲ್ಲಿನ ಸಂದಿಯಿಂದ ಹೊರಗೆ ಇಣುಕಿದರೆ ಅದನ್ನೂ ದಂತವೈದ್ಯರಿಗೆ ಹೇಳಿ.

ಸಣ್ಣಹೆಜ್ಜೆ ಉತ್ತರಿಸಿದ್ದು:

ಜ್ವರ, ಪ್ರಯಾಣ, ಮನೆಗೆ ಹೊಸ ಪಾಪು, ಜೂನ್‌ನ ಮೊದಲ ವಾರ. ಇಂಥ ಹೊತ್ತಲ್ಲಿ ಬಿಟ್ಟ ಬೆರಳು ಮತ್ತೆ ಬಾಯಿಗೆ ಬರುತ್ತೆ. ಜ್ವರ ಇರೋವರೆಗೆ ಬ್ಯಾಂಡೇಜ್ ಬೇಡ, ಏನೂ ಅನ್ನಬೇಡಿ. ಜ್ವರ ಬಿಟ್ಟ ಎರಡನೇ ದಿನ ಕನ್ನಡಿ ಮುಂದಿನ ಮುಷ್ಟಿ ಆಟದಿಂದ ಮತ್ತೆ ಶುರು ಮಾಡಿ. ಎರಡನೇ ಸಲ ಮೊದಲಿನಷ್ಟು ವಾರ ಹಿಡಿಯಲ್ಲ. ಚೀಪೋದರ ಜೊತೆಗೆ ಮಗು ಕೂದಲು ಕೀಳ್ತಾ ಇದ್ದರೆ ಅದಕ್ಕೆ ಬೇರೆ ಬೈಬೇಡಿ, ಬೆರಳು ನಿಂತಾಗ ಅದೂ ಎಷ್ಟೋ ಮಕ್ಕಳಲ್ಲಿ ನಿಲ್ಲುತ್ತೆ. ನಿಲ್ಲದೆ ತಲೆಯಲ್ಲಿ ಬೋಳು ಜಾಗ ಕಾಣಿಸಿದರೆ ಮಕ್ಕಳ ಮನೋವೈದ್ಯರಿಗೆ ತೋರಿಸಿ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯಕ್ಕೇ ಪ್ರತ್ಯೇಕ ವಿಭಾಗ ಇದೆ.

ಗೆಣ್ಣಿನ ದಪ್ಪ ಚರ್ಮಕ್ಕೆ ರಾತ್ರಿ ಸ್ವಲ್ಪ ವ್ಯಾಸಲೀನ್ ಸಾಕು, ಚೀಪೋದು ನಿಂತ ಮೇಲೆ ತಾನೇ ಸುಲಿದು ಹೋಗುತ್ತೆ. ಉಗುರಿನ ಬದಿ ಕೆಂಪಾಗಿ ಊದಿ ಕೀವು ಕಂಡರೆ ಪಿನ್ನಿನಿಂದ ಚುಚ್ಚಬೇಡಿ, ಡಾಕ್ಟರಿಗೆ ತೋರಿಸಿ.